ನೀರಾನೆಯ ಕುಬಸ

ಕಾಮಣ್ಣನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ರೂಢಿಯಿದ್ದವರಾದರೆ ಸಣ್ಣದೊಂದು ಸುಳ್ಳು ಹೇಳಿ, ಕೆಲಸ ಮುಗಿಸಿಕೊಂಡು, ಮನೆಗೆ ಹೋಗಿ ಉಂಡು ಮಲಗುತ್ತಾರೆ. ಕಾಮಣ್ಣ ಹಾಗಲ್ಲ. ಹುಟ್ಟಿದಾಗಿನಿಂದ ಹೇಳದೆ ಉಳಿಸಿಕೊಂಡಿದ್ದ ಸುಳ್ಳನ್ನೆಲ್ಲ ಒಂದೇ ದಿನ, ಒಂದೇ ಉಸಿರಿಗೆ ಹೊರಗೆ ಹಾಕಿದ. ಅದು ನೀರಾನೆಯಷ್ಟು ದೊಡ್ಡದಾಗಿತ್ತು.

ಮೂಲ ಕಾರಣ ಕಬ್ಬು. ಬೇಡಕಿಹಾಳದಲ್ಲಿ ಕಬ್ಬು ಬೆಳೆಯುವುದು ಕಷ್ಟದ ಕೆಲಸವಲ್ಲ. ನೆಲವಿದೆ, ದೂಧಗಂಗೆಯ ನೀರಿದೆ, ಅದರ ಪಾಡಿಗೆ ಅದು ಬೆಳೆಯುತ್ತದೆ. ಕಷ್ಟವಿರುವುದು ಕಡಿಸುವುದರಲ್ಲಿ. ಕಡಿಯುವ ಗ್ಯಾಂಗು ಬರಬೇಕು, ನಮ್ಮ ಪಾಳಿ ಹತ್ತಬೇಕು, ಟ್ರ್ಯಾಕ್ಟರು ಸಿಗಬೇಕು. ಹಂಗಾಮಿನಲ್ಲಿ ಊರವರು ಗ್ಯಾಂಗಿನವರಿಗೆ ಮಾಡುವ ಉಪಚಾರವನ್ನು ಮಗಳ ಮಾವನಿಗೂ ಮಾಡುವುದಿಲ್ಲ.

ಕಾಮಣ್ಣನ ಕಬ್ಬು ಆಗಲೇ ಸೂಲಂಗಿ ಬಿಟ್ಟಿತ್ತು. ದೂರದಿಂದ ನೋಡಿದವರಿಗೆ ಆ ಬೆಳ್ಳನೆಯ ಹೂವು ಚೆಂದ. ಬೆಳೆದವನಿಗೆ ಅದು ನಷ್ಟದ ಲೆಕ್ಕ. ಹೂವು ಬಂತೆಂದರೆ ಒಳಗಿನ ರಸ ಆರುತ್ತ ಹೋಗುತ್ತದೆ, ದಿನಕ್ಕೊಂದಿಷ್ಟು ತೂಕ ಇಳಿಯುತ್ತದೆ. ಹೆಂಡತಿ ಲಗಮವ್ವ ದಿನಾ ಬೆಳಗ್ಗೆ ಹೊಲದ ಕಡೆ ನೋಡಿ, "ಇನ್ನ ನಾಕ ದಿನಾ ಬಿಟ್ರ ಕಸಬರಿಗಿ ಮಾಡಿ ಮಾರಬೇಕ ನೋಡ್ರಿ," ಎನ್ನುತ್ತಿದ್ದಳು.

ಊರಲ್ಲಿದ್ದದ್ದು ಒಂದೇ ಗ್ಯಾಂಗು. ಜತ್ತ ಕಡೆಯಿಂದ ಬಂದ ಅಕ್ಕುತಾಯಿಯ ಗ್ಯಾಂಗು. ಅದು ನಾಳೆ ಬೆಳಗಾದರೆ ಅಥಣಿ ಕಡೆಗೆ, ಕೊಕಟನೂರಿಗೆ ಹೊರಟುಬಿಡುತ್ತಿತ್ತು. ಇವತ್ತು ಇನ್ನೊಂದು ಹೊಲ ಕಡಿಯುವಷ್ಟು ಮಾತ್ರ ವೇಳೆಯಿತ್ತು. ಆ ಪಾಳಿ ದುಂಡೇಶನದು. ಅವನ ಹೊಲ ಹೊಳೆಯ ದಂಡೆಗೆ, ಅದರ ಬೆನ್ನಿಗೆ ಕಾಮಣ್ಣನದು. ಪಾಳಿಯಲ್ಲಿಯೂ ಅಷ್ಟೇ, ಮೊದಲು ದುಂಡೇಶ, ಬೆನ್ನಿಗೆ ಕಾಮಣ್ಣ. ಆದರೆ ಕಾಮಣ್ಣನ ಪಾಳಿ ಬರುವ ಹೊತ್ತಿಗೆ ಗ್ಯಾಂಗು ಕೊಕಟನೂರಿನಲ್ಲಿ ಒಲೆ ಹೂಡಿರುತ್ತಿತ್ತು.

ದುಂಡೇಶ ಕೆಟ್ಟವನಾಗಿದ್ದರೆ ಜಗಳ ತೆಗೆಯಬಹುದಿತ್ತು. ಅವನು ಒಳ್ಳೆಯವನು, ಕಾಮಣ್ಣನನ್ನು ಬಾಯಿ ತುಂಬ 'ಅಣ್ಣಾ' ಎಂದು ಕರೆಯುವವನು. ಬಾಯಿಬಿಟ್ಟು ಕೇಳಿದರೆ ಪಾಳಿ ಬಿಟ್ಟುಕೊಟ್ಟರೂ ಕೊಟ್ಟಾನು. ಆದರೆ ಕೇಳಲು ಕಾಮಣ್ಣನಿಗೆ ನಾಚಿಕೆ. ಕೇಳುವುದಕ್ಕಿಂತ ಗ್ಯಾಂಗಿನವರು ತಾವಾಗಿಯೇ ದುಂಡೇಶನ ಹೊಲ ಬಿಟ್ಟು ತನ್ನ ಹೊಲಕ್ಕೆ ಬರುವಂತೆ ಏನಾದರೂ ಹೂಡುವುದು ಮರ್ಯಾದೆಯ ದಾರಿ ಎಂದು ಅವನಿಗೆ ತೋರಿತು.

ಏನು ಹೂಡಬೇಕು? ದುಂಡೇಶನ ಹೊಲದಲ್ಲಿ ಹಾವಿದೆ ಎಂದರೆ ಗ್ಯಾಂಗಿನವರು ನಕ್ಕಾರು. ಅವರು ದಿನಾ ಹಾವಿನ ಮೇಲೆ ಕಾಲಿಟ್ಟು ಕೆಲಸ ಮಾಡುವವರು. ಚಿರತೆ ಎಂದರೆ ಊರೇ ಬಾಗಿಲು ಹಾಕಿಕೊಂಡೀತು, ಆಗ ತನ್ನ ಹೊಲಕ್ಕೂ ಯಾರು ಬರುತ್ತಾರೆ? ಮೊಸಳೆ ಎಂದರೆ ಅದೇನು ಹೊಸ ಸುದ್ದಿ? ಹೊಳೆಯ ಮೊಸಳೆಗಳು ದಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದರೆ ಹೆಂಗಸರು ನಾಲ್ಕು ಮಾರು ಆಚೆ ಬಟ್ಟೆ ಒಗೆಯುತ್ತಾರೆ. ಹೊಳೆ ಬಿಟ್ಟು ಈಚೆಗೆ ಬಾರದಂಥ, ಕಂಡವರ ಎದೆ ಒಡೆಯುವಂಥ, ಊರಲ್ಲಿ ಯಾರೂ ಕಂಡಿರದಂಥ ಪ್ರಾಣಿ ಬೇಕಾಗಿತ್ತು.

ಹಿಂದಿನ ಸಂಜೆ ಕಾಮಣ್ಣ ಮೊಬೈಲಿನಲ್ಲಿ ನೀರಾನೆಯ ವಿಡಿಯೊ ನೋಡಿದ್ದ. ಇಡೀ ದಿನ ನೀರಿನಲ್ಲಿ ಬಿದ್ದಿರುತ್ತದೆ, ಬಾಯಿ ತೆರೆದರೆ ಒಂದು ಕರು ಒಳಗೆ ಹೋಗಿ ನಿಲ್ಲಬಹುದು, ಸಿಂಹವೂ ಅದಕ್ಕೆ ದಾರಿ ಬಿಡುತ್ತದೆ ಎನ್ನುವವರೆಗೆ ನೋಡುವಷ್ಟರಲ್ಲಿ ಡೇಟಾ ಮುಗಿಯಿತು. ಕಾಮಣ್ಣನಿಗೆ ಅಷ್ಟೇ ಸಾಕಾಗಿತ್ತು. ಪ್ರಾಣಿಯೊಂದರ ಬದುಕನ್ನು ಅರ್ಧಕ್ಕೆ ತಿಳಿದು ಅದನ್ನು ಕೆಲಸಕ್ಕೆ ಹಚ್ಚಬಾರದು ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಬೆಳಗ್ಗೆ ಇನ್ನೂ ಮಂಜು ಕರಗುವ ಮೊದಲೇ ಅವನು ಲಾಲಸಾಬನ ಚಹಾದಂಗಡಿಗೆ ಓಡುತ್ತ ಬಂದು, ಬೆಂಚಿನ ಮೇಲೆ ಧೊಪ್ಪನೆ ಕುಳಿತ.

"ಲಾಲಸಾಬ ಮಾವಾ, ಇವತ್ತ ಹೊಳಿ ಕಡೆ ಯಾರೂ ಹೋಗಬ್ಯಾಡ್ರಿ ಅಂತ ಹೇಳ್ರಿ."

"ಯಾಕಪಾ, ಮೊಸಳಿ ಬಂತೇನ?"

"ಮೊಸಳಿ ಆಗಿದ್ರ ನಾ ಯಾಕ ಓಡಿ ಬರತಿದ್ನಿ? ನೀರಾನಿ ಐತ್ರಿ, ನೀರಾನಿ! ದುಂಡೇಶನ ಹೊಲದ ಕೆಳಗ, ಮಡುವಿನಾಗ!"

ಅಂಗಡಿಯಲ್ಲಿದ್ದವರ ಬಟ್ಟಲುಗಳು ಬಾಯಿಯ ಹತ್ತಿರವೇ ನಿಂತವು. ಹಾಲು ತಂದಿದ್ದ ಅಕ್ಕೋಳದ ಒಬ್ಬಾತ, "ಅದಕ್ಕ ಮರಾಠಿಯಾಗ ಪಾಣಘೋಡಾ ಅಂತಾರ್ರಿ. ಘೋಡಾ ಅಂದ್ರ ಕುದರಿ. ಆನಿ ಹೆಂಗಾದೀತು?" ಎಂದ. "ಕನ್ನಡದಾಗ ಆನಿ ಐತಿ, ಆನಿನ," ಎಂದು ಇನ್ನೊಬ್ಬ ಎದ್ದು ನಿಂತ. ಈ ಭಾಗಕ್ಕೆ ಗಡಿ ತಂಟೆ ಹೊಸದಲ್ಲ. ಆದರೆ ಒಂದು ಪ್ರಾಣಿಗೆ ಸೊಂಡಿಲು ಇರಬೇಕೋ ಜೂಲು ಇರಬೇಕೋ ಎಂಬ ವಿಷಯಕ್ಕೆ ಅದು ಎದ್ದದ್ದು ಅಂದೇ ಮೊದಲು. ಮಾತು ಅಂಗಿಯ ಕಾಲರಿಗೆ ಕೈ ಹಾಕುವಲ್ಲಿಗೆ ಬಂದಾಗ ಮೂಲೆಯಿಂದ ಶೀತಲ್ ಗುರೂಜಿ ಕೆಮ್ಮಿದರು.

ಶೀತಲ್ ಗುರೂಜಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಊರಲ್ಲಿ ಯಾರೂ ಅವರಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಟಿವಿಯಲ್ಲಿ ಪ್ರಾಣಿಗಳ ಕಾರ್ಯಕ್ರಮ ನೋಡಿ ನೋಡಿ ಅವರೊಳಗೆ ಉತ್ತರಗಳು ತುಂಬಿ ತುಳುಕುತ್ತಿದ್ದವು.

"ಆನಿನೂ ಅಲ್ಲ, ಕುದರಿನೂ ಅಲ್ಲ," ಎಂದರು ಗುರೂಜಿ. "ಅದರ ಹತ್ತಿರದ ಬಳಗ ಅಂದ್ರ ತಿಮಿಂಗಿಲ."

ತಿಮಿಂಗಿಲದ ಪರ ವಾದಿಸಲು ಎರಡೂ ಕಡೆ ಯಾರೂ ಇರಲಿಲ್ಲವಾಗಿ ಜಗಳ ನಿಂತಿತು. ಗುರೂಜಿ ಕಾಮಣ್ಣನ ಎದುರಿಗೆ ಬಂದು ಕುಳಿತರು.

"ಮೈಮ್ಯಾಲೆ ಕೂದಲಾ ಇದ್ದುವೇನೋ?"

"ಒಂದೂ ಇಲ್ರಿ ಗುರೂಜಿ. ನಿಮ್ಮ ತಲಿ ಇದ್ಧಂಗ ನುಣ್ಣಗ ಇತ್ತು."

"ಕಿವಿ?"

"ಸಣ್ಣವ್ರಿ. ಪಟಪಟಾ ಬಡೀತಿತ್ತು."

"ಬಾಯಿ ತೆಗೀತೇನ?"

"ತೆಗೀತ್ರಿ! ಟ್ರ್ಯಾಕ್ಟರಿನ ಬಾನೆಟ್ ಎತ್ತಿಧಂಗ ತೆಗೀತು. ನಿದ್ದಿ ಬಂದಿತ್ತೇನೋ, ಆಕಳಸ್ತು."

"ಹುಚ್ಚಪ್ಪಾ, ಅದು ನಿದ್ದಿ ಅಲ್ಲ, ಸಿಟ್ಟು. ದೂರ ಹೋಗು ಅಂತ ಹಲ್ಲ ತೋರಸೂದು. ಎಷ್ಟ ಇದ್ದುವು?"

"ಒಂದ ಇತ್ರಿ." ಕಾಮಣ್ಣನಿಗೆ ಈಗ ಹುರುಪು ಬಂದಿತ್ತು. ಜೀವನದಲ್ಲಿ ಇಷ್ಟು ಜನ ಅವನ ಮಾತನ್ನು ಇಷ್ಟು ಹೊತ್ತು ಕೇಳಿರಲಿಲ್ಲ. ಕೇಳದಿದ್ದದ್ದನ್ನೂ ಹೇಳಿದ. "ಹೊಟ್ಟಿ ಅಂದ್ರ ಏನ ಹೊಟ್ಟಿ ಮಾವಾ! ದಂಡಿಗೆ ಬಂದು ನಿಂತ್ರ ನೆಲಕ್ಕ ತಾಗತಿತ್ತು. ಪಾಪ, ಉಸ್ ಉಸ್ ಅಂತ ಉಸುರು ಬಿಡತಿತ್ತು."

ಒಳಗೆ ಚಹಾ ಸೋಸುತ್ತಿದ್ದ ಲಾಲಸಾಬನ ಹೆಂಡತಿ ನೂರಜಾನಬಿ ಸೋಸುವುದನ್ನು ನಿಲ್ಲಿಸಿ ಹೊರಗೆ ಇಣುಕಿದಳು. ಬೆರಳು ಮಡಿಚುತ್ತ ಏನೋ ಲೆಕ್ಕ ಹಾಕಿ ಮತ್ತೆ ಒಳಗೆ ಹೋದಳು.

"ಆದ್ರ ನಮ್ಮೂರಿಗೆ ಹೆಂಗ ಬಂತ್ರಿ ಅದು?" ಎಂದು ಯಾರೋ ಕೇಳಿದರು. ಗುರೂಜಿ ಬಾಯಿ ತೆರೆಯುವ ಮೊದಲೇ ಲಾಲಸಾಬ ತೀರ್ಮಾನ ಕೊಟ್ಟ: "ಮ್ಯಾಲಿನವರು ಡ್ಯಾಮಿನ ನೀರ ಬಿಟ್ಟಾಗ ಬಂದಿರಬೇಕು." ಹೊಳೆಯಲ್ಲಿ ಬರುವುದೆಲ್ಲ ಮೇಲಿನವರು ನೀರು ಬಿಟ್ಟಾಗಲೇ ಬರುವುದು. ಅದನ್ನು ಎಲ್ಲರೂ ಒಪ್ಪಿದರು.

ಬಿಸಿಲು ಏರುವಷ್ಟರಲ್ಲಿ ಅರ್ಧ ಊರು ದುಂಡೇಶನ ಹೊಲದ ಪಂಪಿನ ಮನೆಯ ಹತ್ತಿರ ಸೇರಿತ್ತು. ಹೊಳೆಯಲ್ಲಿ ನೀರಲ್ಲದೆ ಬೇರೇನೂ ಕಾಣಲಿಲ್ಲ. ಯಾರೋ ಅರಣ್ಯ ಇಲಾಖೆಗೆ ಫೋನು ಮಾಡಿದರು, ಫೋಟೊ ಕಳಿಸಿ ಎಂದರಂತೆ. ಎಲ್ಲರೂ ಮೊಬೈಲು ತೆಗೆದು ಬರೀ ನೀರಿನ ಫೋಟೊ ಕಳಿಸಿದರು. "ಇದರಾಗ ಎಲ್ಲೈತಿ?" ಎಂದು ಆ ಕಡೆಯಿಂದ ಕೇಳಿದರೆ, "ಕೆಳಗೈತ್ರಿ" ಎಂದರು.

"ಅದು ಈಜೂದಿಲ್ಲ," ಎಂದರು ಗುರೂಜಿ ಪಂಪಿನ ಮನೆಯ ಕಟ್ಟೆ ಹತ್ತಿ. "ತಳದಾಗ ನಡೀತೈತಿ. ಮೂಗು, ಕಿವಿ ಮುಚ್ಚಿಕೊಂಡು ನಡೀತೈತಿ. ಆಗಾಗ ಮ್ಯಾಲೆ ಬಂದು ಉಸುರು ತಗೊಂಡು ಮತ್ತ ಮುಳಗತೈತಿ. ನಿದ್ದಿಯೊಳಗೂ ಅಷ್ಟ, ಎಚ್ಚರಾಗದ ಮ್ಯಾಲೆ ಬಂದು ಹೋಗತೈತಿ."

ಅಷ್ಟರಲ್ಲಿ ಯಾರೋ ಪಂಪಿನ ಮನೆಯ ಗೋಡೆ ತೋರಿಸಿ ಕೂಗಿದರು. ಗೋಡೆಗೆ ಆಳೆತ್ತರ ಸೆಗಣಿ ಸಿಡಿದಿತ್ತು. ಗುರೂಜಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಇದ ನೋಡ್ರಿ! ಬಾಲಾ ಫ್ಯಾನ್ ತಿರಿಗಿಸಿಧಂಗ ತಿರಿಗಿಸಿ ಸೆಗಣಿ ಸಿಡಸತೈತಿ. ಇದು ನನ್ನ ಜಾಗಾ ಅಂತ ಗುರುತು ಮಾಡೂ ರೀತಿ ಅದು."

"ನಾವು ಬಾಂದ ಕಲ್ಲ ನೆಡತೀವಲ್ಲ, ಹಂಗ," ಎಂದ ಲಾಲಸಾಬ.

"ಅಲ್ರಿ, ನಮ್ಮ ಎಮ್ಮಿಗೆ ನಿನ್ನೆಯಿಂದ ಹೊಟ್ಟಿ ಕೆಟ್ಟೈತಿ..." ಎಂದು ದುಂಡೇಶ ಹೇಳಲು ನೋಡಿದ. ಅವನ ಮಾತು ಯಾರಿಗೂ ಬೇಕಿರಲಿಲ್ಲ.

ನೀರಿನ ಅಂಚಿನ ಬಂಡೆಯ ಮೇಲೆ ಕೆಂಪು ಕಲೆಗಳು ಕಂಡವು. ಅದಕ್ಕೂ ಗುರೂಜಿಯ ಹತ್ತಿರ ಉತ್ತರವಿತ್ತು. ನೀರಾನೆಗೆ ಬಿಸಿಲು ತಡೆಯದಂತೆ, ಅದಕ್ಕೇ ಚರ್ಮದಿಂದ ಕೆಂಪು ರಸ ಬಿಟ್ಟುಕೊಳ್ಳುತ್ತದಂತೆ, ನೋಡಿದವರು ರಕ್ತವೆಂದು ತಿಳಿಯುತ್ತಾರಂತೆ. ಆ ಬಂಡೆಯ ಮೇಲೆ ಕುಳಿತು ಎಷ್ಟೋ ವರ್ಷಗಳಿಂದ ಎಲೆ-ಅಡಿಕೆ ಉಗುಳುತ್ತ ಬಂದವರೇ ಅದನ್ನು ಬೆರಳಿಂದ ಮುಟ್ಟಿ, ಮೂಸಿ ನೋಡಿ, ಹೌದೆಂದು ತಲೆದೂಗಿದರು.

ಕಾಮಣ್ಣ ಇದನ್ನೆಲ್ಲ ದೂರ ನಿಂತು ನೋಡಿದ. ತಾನು ಹೆತ್ತ ಸುಳ್ಳು ಇಷ್ಟು ಬೇಗ ಎದ್ದು ಓಡಾಡುತ್ತದೆ ಎಂದು ಅವನು ಎಣಿಸಿರಲಿಲ್ಲ. ಒಳಗೊಳಗೇ ನಗುತ್ತ, ಬದುವಿನ ಮೇಲೆ ಹಾಡೊಂದನ್ನು ಗುನುಗುತ್ತ ತನ್ನ ಹೊಲಕ್ಕೆ ನಡೆದ.

ಅಲ್ಲಿ ಅವನಿಗೆ ಸ್ವರ್ಗ ಕಾದಿತ್ತು. ಅಕ್ಕುತಾಯಿ, ಅವಳ ಹಿಂದೆ ಇಡೀ ಗ್ಯಾಂಗು, ಕೈಯಲ್ಲಿ ಕೊಯ್ತಾ ಹಿಡಿದು ಅವನ ಹೊಲದ ಬಾಯಿಗೆ ನಿಂತಿದ್ದರು. ಕಬ್ಬು ಕಡಿಯುವ ಆ ಕೊಯ್ತಾಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಲಗಮವ್ವ ಆಗಲೇ ಕಾಯಿ, ಕುಂಕುಮ ಹಿಡಿದು ಬಂದಿದ್ದಳು.

"ಇವತ್ತ ನಿಮ್ಮ ಹೊಲಾ ಅಂತ ಆಗೈತ್ರಿ ಅಣ್ಣಾರ," ಎಂದಳು ಅಕ್ಕುತಾಯಿ. "ಯಾಕಂದ್ರ..."

"ಯಾಕಂತ ನನಗ ಗೊತ್ತೈತಿ ಬಿಡವಾ," ಎಂದು ಕಾಮಣ್ಣ ಕಣ್ಣು ಮಿಟುಕಿಸಿದ. "ಆ ಮಾತ ಈಗ ಬ್ಯಾಡ. ಮೊದಲ ಹಚ್ಚಿಬಿಡ್ರಿ."

ಕಾಯಿ ಒಡೆದರು. ಕೊಯ್ತಾಗಳಿಗೆ ಕುಂಕುಮ ಹಚ್ಚಿದರು. ಮೊದಲ ಕಬ್ಬು ಸರಕ್ಕನೆ ನೆಲಕ್ಕೆ ಬಿತ್ತು, ಬೆನ್ನಿಗೆ ಹತ್ತು ಬಿದ್ದವು. ಆ ಸಪ್ಪಳ ಕೇಳಿ ಕಾಮಣ್ಣನಿಗೆ ಕುಣಿಯಬೇಕೆನಿಸಿತು. ಎರಡು ಹೆಜ್ಜೆ ಕುಣಿದೂ ಬಿಟ್ಟ. ನೀರಾನೆ ಎಂಬ ಪ್ರಾಣಿಯನ್ನು ಸೃಷ್ಟಿ ಮಾಡಿದ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದ.

ಒಂದು ಮೂಲೆಯಷ್ಟು ಕಬ್ಬು ಬಿದ್ದಿರಬೇಕು, ಬದುವಿನ ಕಡೆಯಿಂದ ಗದ್ದಲ ಕೇಳಿತು.

"ನಿಲ್ಲಸ್ರಿ! ಕೊಯ್ತಾ ನಿಲ್ಲಸ್ರಿ!"

ಮುಂದೆ ಶೀತಲ್ ಗುರೂಜಿ, ಅವರ ಪಕ್ಕಕ್ಕೆ ನೂರಜಾನಬಿ, ಹಿಂದೆ ಊರು. ಗುರೂಜಿ ಓಡಿ ಬಂದದ್ದಕ್ಕೆ ಏದುತ್ತಿದ್ದರು. ಆದ್ದರಿಂದ ನೂರಜಾನಬಿಯೇ ಶುರು ಮಾಡಿದಳು.

"ಕಾಮಣ್ಣಾ, ಅದು ಒಂದ ಇತ್ತು ಅಂದಿ. ಹೊಟ್ಟಿ ನೆಲಕ್ಕ ತಾಗತಿತ್ತು ಅಂದಿ. ಉಸ್ ಉಸ್ ಅಂತಿತ್ತು ಅಂದಿ. ಹೌದಿಲ್ಲೋ?"

"ಹೌ... ಹೌದ್ರಿ ಅತ್ತಿ."

"ನಾ ಆರು ಮಕ್ಕಳ ಹಡದಾಕಿ. ನನಗ ತಿಳಿಯೂದಿಲ್ಲೇನ? ಅದು ಬಸುರಿ!"

ಉಸಿರು ಸಿಕ್ಕ ಗುರೂಜಿ ಮುಂದುವರಿಸಿದರು. "ನೂರಜಾನಬಿ ಹೇಳಿದ್ದು ಶಾಸ್ತ್ರಕ್ಕ ಸರಿ ಐತಿ. ನೀರಾನಿ ಗುಂಪು ಬಿಟ್ಟು ಇರೂದಿಲ್ಲ. ಎಂಟ ತಿಂಗಳ ಹೊತ್ತು, ದಿನಾ ತುಂಬಿದ ಮ್ಯಾಲೆ ಹೆಣ್ಣು ಗುಂಪು ಬಿಟ್ಟು ಒಂದ ಹೊಂಟ ಬರತೈತಿ. ದೊಡ್ಡ ನೀರು ಬಿಟ್ಟು, ಸಪ್ಪಳಿಲ್ಲದ ಸಣ್ಣ ನೀರು ಹುಡುಕತೈತಿ. ಅಲ್ಲೇ ಹಡೀತೈತಿ. ಹಡದ ಮ್ಯಾಲೂ ಬಾಳ ದಿನಾ ಯಾರನ್ನೂ ಹತ್ರ ಬಿಟ್ಟಗೊಳ್ಳೂದಿಲ್ಲ."

'ಸಣ್ಣ ನೀರು' ಎಂದದ್ದೇ ತಡ, ಎಲ್ಲರ ಕಣ್ಣು ಒಟ್ಟಿಗೆ ಕಾಮಣ್ಣನ ಹೊಲದ ಮೂಲೆಗೆ ತಿರುಗಿದವು. ಅಲ್ಲಿ ಒಂದು ಹೊಂಡವಿತ್ತು. ಕಾಮಣ್ಣನ ಅಪ್ಪನ ಕಾಲದಲ್ಲಿ ಇಟ್ಟಂಗಿ ಭಟ್ಟಿಗೆಂದು ಮಣ್ಣು ತೆಗೆದ ಹೊಂಡ. ಈಗ ಅದರ ತುಂಬ ನೀರು, ನೀರಿನ ಮೇಲೆ ಅಂತರಗಂಗೆ. ಹೊಳೆಯ ಕಡೆಯಿಂದ ಆ ಹೊಂಡದವರೆಗೆ ಕಬ್ಬಿನ ನಡುವೆ ಒಂದು ದಾರಿ ತುಳಿದು ಬಿದ್ದಿತ್ತು. ಹಂದಿಗಳು ಮಾಡಿದ ದಾರಿ ಅದು. ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಅಂದು ಹಂದಿಯನ್ನು ನೆನೆಯುವಷ್ಟು ಸಣ್ಣ ಮನಸ್ಸು ಯಾರಿಗೂ ಇರಲಿಲ್ಲ.

"ನೋಡ್ರಿ," ಎಂದರು ಗುರೂಜಿ ಮೆಲುದನಿಯಲ್ಲಿ. "ಕತ್ತಲಾದ ಮ್ಯಾಲೆ ಮೇಯಾಕ ಬರತೈತಿ. ಒಂದ ದಾರಿ ಹಿಡೀತಂದ್ರ ದಿನಾ ಅದ ದಾರಿ. ಹುಲ್ಲು ಬಿಟ್ಟು ಬ್ಯಾರೆ ಬಾಯಿಗೆ ಹಾಕೂದಿಲ್ಲ, ಪೂರಾ ಸಸ್ಯಾಹಾರಿ." ತಾವು ಜೈನರಾದ್ದರಿಂದ ಈ ಮಾತು ಹೇಳುವಾಗ ಅವರಿಗೆ ವಿಶೇಷ ಹೆಮ್ಮೆಯಾಯಿತು. "ಹೊತ್ತ ಮುಳಗಿದ ಮ್ಯಾಲೆ ಉಣ್ಣತೈತಿ, ಅದೊಂದ ನಮಗ ಸೇರೂದಿಲ್ಲ."

ಅಕ್ಕುತಾಯಿ ಇಷ್ಟು ಹೊತ್ತು ಬೆವರು ಒರೆಸಿಕೊಳ್ಳುತ್ತ ಕೇಳುತ್ತಿದ್ದಳು. ಈಗ ಕೈಯಲ್ಲಿನ ಕೊಯ್ತಾವನ್ನು ನೆಲಕ್ಕಿಟ್ಟಳು.

"ನಡೀರಿ, ಈ ಹೊಲಾ ಕಡಿಯೂದು ಬ್ಯಾಡ."

"ಯವ್ವಾ, ಹಂಗ ಅನಬ್ಯಾಡ!" ಎಂದ ಕಾಮಣ್ಣ.

"ಅಣ್ಣಾರ, ನನ್ನ ದೊಡ್ಡ ಮಗನ್ನ ನಾ ಹಡದದ್ದು ಕಬ್ಬಿನ ಹೊಲದಾಗ. ಅತ್ತಾಗ ನಾ ಬ್ಯಾನಿ ತಿನ್ನಾಕತ್ತಿದ್ನಿ, ಇತ್ತಾಗ ಕೊಯ್ತಾ ನಡದ ಇದ್ದುವು. ನಿಲ್ಲಸ್ರಿ ಅನ್ನಾಕ ಒಬ್ಬರೂ ಇರಲಿಲ್ಲ. ಇವತ್ತ ನಾ ನಿಲ್ಲಸತೀನಿ. ಮನಿಷ್ಯಾರ ಇರಲಿ, ಪ್ರಾಣಿ ಇರಲಿ, ತುಂಬಿದ ಬಸುರಿ ಮಲಗಿದ್ದಲ್ಲಿ ನಮ್ಮ ಕೊ‌ಯ್ತಾ ಸಪ್ಪಳ ಆಗಬಾರದು."

ಗ್ಯಾಂಗಿನ ಹೆಂಗಸರು ಒಬ್ಬೊಬ್ಬರಾಗಿ ಕೊಯ್ತಾ ಇಳಿಸಿದರು. ಊರ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಕ್ಕುತಾಯಿ ಹೇಳಿದ್ದು ಸತ್ಯ, ಕಾಮಣ್ಣ ಹೇಳಿದ್ದು ಸುಳ್ಳು. ಆ ಸುಳ್ಳಿನ ಹೊಟ್ಟೆಯಲ್ಲಿ ಈಗ ಮರಿಯೂ ಇದೆ. ಏನು ಮಾಡಬೇಕೋ ತೋಚದೆ ಅವನು ಹೆಂಡತಿಯ ಮುಖ ನೋಡಿದ.

ಲಗಮವ್ವನ ಮುಖ ಅರಳಿತ್ತು. ಅವಳಿಗೆ ಇಬ್ಬರೂ ಗಂಡುಮಕ್ಕಳು. ಬಸುರಿ ಮಗಳನ್ನು ತವರಿಗೆ ಕರೆತಂದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡುವ ಆಸೆ ಅವಳ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತು. ಓಣಿಯವರ ಹೆಣ್ಣುಮಕ್ಕಳ ಕುಬಸಕ್ಕೆಲ್ಲ ಹೋಗಿ ಹಾಡಿ ಬಂದವಳು, ತನ್ನ ಅಂಗಳದಲ್ಲಿ ಒಂದನ್ನೂ ಕಂಡಿರಲಿಲ್ಲ.

"ಎಷ್ಟ ದೂರದಿಂದ ನಮ್ಮ ಹೊಲಾ ಹುಡಿಕ್ಕೊಂಡ ಬಂದಾಳ," ಎಂದಳು ಲಗಮವ್ವ. "ನನ್ನ ತವರು ಅಂತ ಬಂದಾಳ. ಕುಬಸಾ ಮಾಡದ ಬಿಟ್ರ ಚಂದ ಕಾಣತೈತೇನ?"

"ಮಾಡೂನು!" ಎಂದಿತು ಊರು.

ಇನ್ನು ತಡ ಮಾಡಿದರೆ ಕೆಲಸ ಕೆಡುತ್ತದೆ ಎಂದುಕೊಂಡು ಕಾಮಣ್ಣ ಕಡಿದ ಕಬ್ಬಿನ ರಾಶಿಯ ಮೇಲೆ ಹತ್ತಿ ಎರಡೂ ಕೈ ಎತ್ತಿದ.

"ಎಲ್ಲಾರೂ ಕೇಳ್ರಿ! ನೀರಾನಿ ಇಲ್ಲ, ಏನೂ ಇಲ್ಲ! ನಾ ಸುಳ್ಳ ಹೇಳೇನಿ!"

ಲಾಲಸಾಬ ನಕ್ಕುಬಿಟ್ಟ. "ಅಳಿಯಾ, ಕುಬಸದ ಊಟಾ ಹಾಕಬೇಕಾಗತೈತಂತ ಅಂಜಿಯೇನ?"

"ಛೀ, ಜಿಪುಣ ಅಂದ್ರ ಎಂಥಾ ಜಿಪುಣ," ಎಂದಳು ನೂರಜಾನಬಿ. "ಬಸುರೀನ್ನ ಇಲ್ಲ ಅಂತಾನಲ್ಲ."

"ನಿಂದೇನ ಖರ್ಚ ಆಗೂದಿಲ್ಲ ಬಿಡೋ, ಬ್ಯಾಳಿ ನಾ ತರತೀನಿ," ಎಂದು ಒಬ್ಬರು. "ಬೆಲ್ಲಾ ನಂದು," ಎಂದು ಇನ್ನೊಬ್ಬರು. ಗುರೂಜಿ ಮಾತ್ರ ಶಾಂತವಾಗಿ, "ಕಾಮಣ್ಣಾ, ಸೆಗಣಿ ಸುಳ್ಳ ಹೇಳತೈತೇನೋ?" ಎಂದು ಕೇಳಿದರು. ಕಾಮಣ್ಣ ರಾಶಿಯಿಂದ ಕೆಳಗಿಳಿದ.

ಮಧ್ಯಾಹ್ನವಾಗುವಷ್ಟರಲ್ಲಿ ಬದುವಿನ ಮೇಲೆ ಒಲೆ ಹೊತ್ತಿದವು. ಹೋಳಿಗೆಯ ವಾಸನೆ ಹೊಲ ತುಂಬಿತು. ಹೆಂಗಸರು ಹೊಂಡದ ದಂಡೆಗೆ ರಂಗೋಲಿ ಹಾಕಿದರು. ಹಸಿರು ಬಳೆ ನೀರಾನೆಯ ಕಾಲಿಗೆ ಹಿಡಿಸುವುದಿಲ್ಲವಾದ್ದರಿಂದ ಒಂದು ಕಬ್ಬನ್ನು ನೆಟ್ಟು ಅದಕ್ಕೇ ಏರಿಸಿದರು. ಸೀರೆ ಎಷ್ಟು ಮೊಳ ಬೇಕಾದೀತು ಎಂದು ಕೇಳಿದಾಗ ಗುರೂಜಿ ತಲೆ ಕೆರೆದುಕೊಂಡರು. ಕೊನೆಗೆ ಕುಪ್ಪಸದ ಕಣವೇ ಸಾಕು ಎಂದಾಯಿತು. ಗ್ಯಾಂಗಿನ ಹೆಂಗಸರು ಒಂದಿಷ್ಟು ಹೊತ್ತು ಕುಳಿತು ಹಾಡಿದರು. ಆಮೇಲೆ ಅಕ್ಕುತಾಯಿ ಎದ್ದು, "ದಿನಾ ಹೋಗಾಕತ್ತೈತಿ. ದುಂಡೇಶಣ್ಣನ ಹೊಲದಾಗ ಏನೂ ಇಲ್ಲಲ್ಲ? ಬಸುರಿ ಇಲ್ಲಿ ಬಂದ್ಲಂದ್ರ ಅಲ್ಲಿ ಜಾಗಾ ಖಾಲಿ ಆತು. ಅದನ್ನರ ಕಡದ ಹೋಗೂನು," ಎಂದು ಗ್ಯಾಂಗನ್ನು ಎಬ್ಬಿಸಿಕೊಂಡು ಹೊರಟಳು.

ಕಾಮಣ್ಣನಿಗೆ ತಡೆಯಲಾಗಲಿಲ್ಲ. ಅಂಗಿ ಕಳಚಿ ಎಸೆದ. "ಒಳಗ ಏನೂ ಇಲ್ಲ ಅಂತ ತೋರಸ್ತೀನಿ, ನೋಡ್ರಿ!" ಎಂದು ಕೂಗಿ ಹೊಂಡಕ್ಕೆ ಧುಮುಕಿದ.

ಹೊಂಡದಲ್ಲಿ ನೀರಿಗಿಂತ ಕೆಸರೇ ಹೆಚ್ಚಿತ್ತು. ಕೆಳಗೆ ಹೋದವನಿಗೆ ಕಾಲು ಸಿಕ್ಕಿಕೊಂಡಿತು. ಕಿತ್ತುಕೊಂಡು ಮೇಲೆ ಬರುವಾಗ ತಲೆಯಿಂದ ಹೊಟ್ಟೆಯವರೆಗೆ ಕರಿ ಕೆಸರು, ಕಿವಿಯ ಮೇಲೆ ಎರಡು ಅಂತರಗಂಗೆಯ ಎಲೆ. ಮೂಗಿನಿಂದ ನೀರು ಫೂ ಎಂದು ಚಿಮ್ಮಿತು. ಉಸಿರಿಗಾಗಿ ಬಾಯಿಯನ್ನು ಅಗಲವಾಗಿ ತೆರೆದ.

ದಂಡೆ ಖಾಲಿಯಾಯಿತು. ಗಂಡಸರು ಮೊದಲು ಓಡಿದರು. ಗುರೂಜಿ ಓಡುತ್ತಲೇ, "ಅದಕ್ಕೂ ಹೊಳಿಗೂ ನಡುವ ನಿಂದ್ರಬ್ಯಾಡ್ರಿ! ದಾರಿ ಬಿಡ್ರಿ!" ಎಂದು ಕೂಗಿದರು. ಓಡದೆ ನಿಂತವಳು ಲಗಮವ್ವ ಒಬ್ಬಳೇ. ಆರತಿ ತಟ್ಟೆ ಹಿಡಿದು, ಕಣ್ಣು ಮುಚ್ಚಿ, "ಬಾ ನನ್ನ ಮಗಳ," ಎಂದಳು.

"ನಾ ಅದೀನಿ, ಕಾಮಣ್ಣ!" ಎಂದಿತು ಕೆಸರು.

ಲಗಮವ್ವ ಕಣ್ಣು ತೆರೆದಳು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬಸುರಿ ಹೆಣ್ಣು ಇದ್ದಲ್ಲಿ ಅರಿಬಿ ಬಿಚ್ಚಿ ಇಳೀತಾರೇನ್ರಿ? ನಾಚಿಕಿ ಅನ್ನೂದ ಇಲ್ಲೇನ ನಿಮಗ?"

ಓಡಿದವರು ಒಬ್ಬೊಬ್ಬರಾಗಿ ನಗುತ್ತ ಹಿಂತಿರುಗಿದರು. ಕಾಮಣ್ಣ ದಂಡೆಗೆ ಬಂದು ಕೈ ಮುಗಿದ. "ತಳಾ ಮುಟ್ಟಿ ಬಂದೇನ್ರಿ ಗುರೂಜಿ. ಏನೂ ಇಲ್ಲ. ಇದ್ದಿದ್ರ ನಾ ಉಳೀತಿದ್ನೇನ?"

"ಅದ ಸಾಕ್ಷಿ!" ಎಂದರು ಗುರೂಜಿ. "ಮುಟ್ಟಿದ್ರೂ ಏನೂ ಮಾಡಲಿಲ್ಲ ಅಂದ್ರ ದಿನಾ ಪೂರಾ ತುಂಬ್ಯಾವ. ಎದ್ದ ಬರೂ ಶಕ್ತಿ ಇಲ್ಲ ಪಾಪ."

ಅದೇ ಹೊತ್ತಿಗೆ ಕಾಮಣ್ಣ ಕಲಕಿದ ಕೆಸರಿನಿಂದ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಊರೆಲ್ಲ ಒಟ್ಟಾಗಿ "ಉಸುರು!" ಎಂದಿತು. ನೂರಜಾನಬಿ ಎರಡೂ ಕೈಯಿಂದ ದೃಷ್ಟಿ ತೆಗೆದಳು. ಕಾಮಣ್ಣ ಸುಮ್ಮನೆ ಹೋಗಿ ಬದುವಿನ ಮೇಲೆ ಕುಳಿತ. ಇನ್ನು ಅವನ ಹತ್ತಿರ ಸುಳ್ಳೂ ಉಳಿದಿರಲಿಲ್ಲ, ನಿಜವೂ ಉಳಿದಿರಲಿಲ್ಲ.

ಹೊತ್ತು ಇಳಿಯಿತು. ಊರು ಉಂಡು ಕೈ ತೊಳೆಯಿತು. ಅಂಥ ಸಂಭ್ರಮ ಆ ಬದುವು ಕಂಡಿರಲಿಲ್ಲ. ಪಾಣಘೋಡಾದವರೂ ನೀರಾನಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡಿದ್ದರು. ದುಂಡೇಶನ ಕಬ್ಬು ಹೊತ್ತ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ರಸ್ತೆ ಹತ್ತಿತು. ಅಕ್ಕುತಾಯಿ ಹೋಳಿಗೆಯ ಬುತ್ತಿ ಕಟ್ಟಿಸಿಕೊಂಡು, "ಮರಿ ಆದ್ರ ಫೋನ್ ಮಾಡ್ರಿ ಅಕ್ಕಾ," ಎಂದು ಲಗಮವ್ವನಿಗೆ ಹೇಳಿ ಹೋದಳು.

ಕಾಮಣ್ಣನ ಹೊಲದಲ್ಲಿ ಸೂಲಂಗಿಗಳು ಸಂಜೆಯ ಗಾಳಿಗೆ ತಲೆದೂಗುತ್ತ ನಿಂತಿದ್ದವು. ದುಂಡೇಶ ಮೆಲ್ಲಗೆ ಬಂದು ಅವನ ಪಕ್ಕದಲ್ಲಿ ಕುಳಿತ. ಕಡಿಸಿದವನ ಮುಖದಲ್ಲಿ ಇರಬೇಕಾದ ಗೆಲುವು ಅವನ ಮುಖದಲ್ಲಿರಲಿಲ್ಲ.

"ಅಣ್ಣಾ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ."

"ನಿನ್ನ ಮ್ಯಾಲೆ ಯಾಕ ಸಿಟ್ಟು ತಮ್ಮಾ? ಪಾಳಿ ನಿಂದ ಇತ್ತು, ನೀ ಕಡಿಸಿದಿ."

"ನಂದ ಎಲ್ಲಿತ್ತು? ನಿನ್ನೆ ಸಂಜೀಕ ನಾನ ಹೋಗಿ ಅಕ್ಕುತಾಯಿಗೆ ಹೇಳಿ ಬಂದಿದ್ನಿ. ನನ್ನ ಕಬ್ಬಿಗೆ ಇನ್ನಾ ಸೂಲಂಗಿ ಬಂದಿಲ್ಲ, ಮುಂದಿನ ಗ್ಯಾಂಗ್ ಬರೂತನಕ ತಡೀತೈತಿ. ಅಣ್ಣಂದು ತಡಿಯೂದಿಲ್ಲ, ನನ್ನ ಪಾಳಿ ಅವಗ ಕೊಟ್ಟೇನಿ ಅಂತ. ನೀ ಕೇಳೂ ಮನಿಷ್ಯಾ ಅಲ್ಲ, ಹೇಳಿದ್ರ ಒಲ್ಲೆ ಅಂತಿದ್ದಿ, ಅದಕ್ಕ ನಿನಗ ಹೇಳಲಿಲ್ಲ. ಮುಂಜಾನೆ ಅವರು ಸೀದಾ ನಿನ್ನ ಹೊಲಕ್ಕ ಬಂದದ್ದು ಮತ್ತ್ಯಾಕ ಅಂದಿ?" ದುಂಡೇಶ ಹೊಂಡದ ಕಡೆ ನೋಡಿ ನಿಟ್ಟುಸಿರಿಟ್ಟ. "ಇಷ್ಟೊತ್ತಿಗೆ ಎಲ್ಲಾ ಕಡದ ಮುಗೀತಿತ್ತು. ಇದೊಂದ ಇವತ್ತ ಬರಬಾರದಿತ್ತ ನೋಡಣ್ಣಾ."

ಕಾಮಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು.

ಅದೇ ಹೊತ್ತಿಗೆ ಹಿಂದಿನಿಂದ ಬಂದ ಲಗಮವ್ವ, ತೆರೆದ ಬಾಯಿ ಕಂಡು, ತುಪ್ಪ ಸೋರುವ ಹೋಳಿಗೆಯೊಂದನ್ನು ಮಡಿಚಿ ಅದರೊಳಗೆ ಇಟ್ಟಳು. ಬೆಳಗಿನಿಂದ ದುಡಿದೂ ಅವಳ ಮುಖ ಹೊಸ ಮದುವಣಗಿತ್ತಿಯ ಮುಖದಂತೆ ಹೊಳೆಯುತ್ತಿತ್ತು.

"ತಿನ್ರಿ, ಮಗಳ ಕುಬಸದ ಹೋಳಿಗಿ," ಎಂದಳು. "ಗುರೂಜಿ ಹೇಳ್ಯಾರ, ಬಾಣಂತನಾ ಮುಗಿಯೂತನಕ ನೀವೂ ಹೊಲಕ್ಕ ಕಾಲಿಡಬಾರದಂತ."

ಕಾಮಣ್ಣ ಅಗಿದ. ಹೋಳಿಗೆ ಬಾಯಲ್ಲಿಟ್ಟರೆ ಕರಗುವಂತಿತ್ತು. ಅದಕ್ಕೇ ಅವನಿಗೆ ಇನ್ನಷ್ಟು ಅಳು ಬಂತು.